ನಮ್ಮ ಮಾವ ಗೇಟು ಬಿಟ್ಟದ್ದು, ಸಿಂದಿ ಬಿಟ್ಟದ್ದು

ಮದುವೆಯಾಗಿ ನಾನು ಹೋದ ಮನೆ ರೈಲು ಹಳಿಯ ಮಗ್ಗುಲಲ್ಲೇ ಇತ್ತು. ಶಹಾಬಾದಿನಿಂದ ವಾಡಿಯ ಕಡೆ ಹೋಗುವ ಹಳಿಯನ್ನು ಕಲ್ಲುಗಣಿಯ ರಸ್ತೆಯೊಂದು ಅಡ್ಡ ಹಾಯುವ ಜಾಗ ಅದು. ರಸ್ತೆಗೆ ಎರಡೂ ಬದಿಯಲ್ಲಿ ತಳ್ಳಿ ಮುಚ್ಚುವ ಕಬ್ಬಿಣದ ಗೇಟು, ಗೇಟಿನ ಪಕ್ಕಕ್ಕೆ ಒಂದು ಕೋಣೆ, ಅದರ ಬೆನ್ನಿಗೆ ನಾವಿರುವ ಮನೆ. ನಮ್ಮ ಮಾವ ಆ ಗೇಟಿನ ಹಗಲು ಪಾಳಿಯ ಗೇಟಮನ್. ರಾತ್ರಿ ಪಾಳಿಗೆ ಬೇರೊಬ್ಬ ಸೈಕಲ್ ಮೇಲೆ ಬರುತ್ತಿದ್ದ. ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಹೆಚ್ಚು ದಿನ ಅಲ್ಲೇ ಗೆಳೆಯರ ಖೋಲಿಯಲ್ಲಿ ಉಳಿಯುತ್ತಿದ್ದರು. ಹೀಗಾಗಿ ಹಗಲೆಲ್ಲ ಆ ಮನೆಯಲ್ಲಿ ನಾನು, ಅತ್ತೆ, ಮಾವ ಮೂವರೇ.

ನನ್ನ ತವರು ಮಳಖೇಡ. ಕಾಗಿಣಾ ನದಿಯ ದಂಡೆಯ ಊರು. ಏಳನೇ ಇಯತ್ತೆಯವರೆಗೆ ಓದಿದ್ದೆ. ಗೇಟಿನ ಮನೆಗೆ ಬಂದ ಹೊಸತರಲ್ಲಿ ಗಾಡಿ ಹೋದಾಗಲೆಲ್ಲ ಗೋಡೆ ಅದುರಿ, ಗೂಡಿನಲ್ಲಿಟ್ಟ ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಅದಕ್ಕೆ ಬೇಗ ಹೊಂದಿಕೊಂಡೆ. ಹೊಂದಿಕೊಳ್ಳಲು ಆಗದೆ ಇದ್ದದ್ದು ಬೇರೆಯೇ ಇತ್ತು.

ಗೇಟಿನ ಕೋಣೆಯಲ್ಲಿ ಗೋಡೆಗೆ ಒಂದು ಫೋನಿನ ಪೆಟ್ಟಿಗೆ ಇತ್ತು. ಗಾಡಿ ಬಿಡುವ ಮೊದಲು ಸ್ಟೇಷನ್ನಿನಿಂದ ಫೋನ್ ಬರುತ್ತಿತ್ತು. ಗೇಟಮನ್ ಎರಡೂ ಬದಿಯ ಗೇಟು ಮುಚ್ಚಿ, ಸರಪಳಿ ಹಾಕಿ ಬಂದು, ಗೇಟು ಬಂದ್ ಆಯಿತೆಂದು ಫೋನಿನಲ್ಲಿ ಹೇಳಬೇಕು. ಅವನು ಹೇಳಿದ ಮೇಲೆಯೇ ಅಲ್ಲಿ ಸಿಗ್ನಲ್ ಬೀಳುತ್ತಿತ್ತು. ಅಂದರೆ ಆ ಒಂದು ಮಾತನ್ನು ನಂಬಿ ಇಡೀ ಗಾಡಿ ಹೊರಡುತ್ತಿತ್ತು.

ಮಾವ ಸಿಂದಿ ಕುಡಿಯುತ್ತಾರೆಂದು ಮದುವೆಗೆ ಮುಂಚೆಯೇ ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ದೊಡ್ಡ ವಿಷಯ ಮಾಡುತ್ತಿರಲಿಲ್ಲ. ಈಚಲು ಮರದಿಂದ ಇಳಿಸಿದ್ದು, ಮೈಗೆ ತಂಪು ಎನ್ನುತ್ತಿದ್ದರು. ಆದರೆ ಗಣಿಯ ಹತ್ತಿರದ ಅಂಗಡಿಯಲ್ಲಿ ಮಾರುತ್ತಿದ್ದ ಸಿಂದಿಯಲ್ಲಿ ಮರದಿಂದ ಬಂದದ್ದು ಎಷ್ಟು, ನೀರೆಷ್ಟು, ಅಮಲು ಬರಲೆಂದು ಕಲಸಿದ ಬಿಳಿ ಪುಡಿ ಎಷ್ಟು ಎನ್ನುವುದು ಮಾರುವವನಿಗೇ ಗೊತ್ತು. ಆ ಪುಡಿಯ ಸಿಂದಿ ಹತ್ತಿದವರು ಬೇರೆ ಸಿಂದಿ ಮುಟ್ಟುತ್ತಿರಲಿಲ್ಲ. ಮಾವ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಪಾಳಿ ಮುಗಿದ ಮೇಲೆ ಕತ್ತಲಾಗುವ ಹೊತ್ತಿಗೆ ಮತ್ತೊಂದು ಸಲ ಹಳಿ ದಾಟಿ ಆ ಅಂಗಡಿಗೆ ಹೋಗಿ ಬರುತ್ತಿದ್ದರು. ಬೆಳಗಿನದು ತಪ್ಪಿದರೆ ಅವರ ಕೈ ನಡುಗಿ ಚಹದ ಬಶಿ ನೆಲಕ್ಕೆ ಬೀಳುತ್ತಿತ್ತು. ಮಧ್ಯಾಹ್ನದ್ದು ಆದ ಮೇಲೆ ಕೋಣೆಯ ಬೆಂಚಿನ ಮೇಲೆ ಒರಗಿಬಿಡುತ್ತಿದ್ದರು.

ಎಂಥ ಅಮಲಿನಲ್ಲಿದ್ದರೂ ಫೋನಿನ ಗಂಟೆ ಬಾರಿಸಿದರೆ ಸಾಕು, ಅವರ ಕೈ ತಾನಾಗಿಯೇ ಹೋಗಿ ಅದನ್ನು ಎತ್ತುತ್ತಿತ್ತು. "ಗೇಟ್ ಬಂದ್ ಆಯ್ತು ಸಾಹೇಬ್" ಎಂದು ಸ್ಪಷ್ಟವಾದ ದನಿಯಲ್ಲಿ ಹೇಳಿ ಮತ್ತೆ ಒರಗುತ್ತಿದ್ದರು. ಹೊರಗೆ ಗೇಟು ಹಾಗೆಯೇ ತೆರೆದಿರುತ್ತಿತ್ತು. ಅತ್ತೆ ಒಲೆಯ ಮುಂದಿನಿಂದ ಎದ್ದು ಓಡುತ್ತಿದ್ದರು. ಒಂದು ಬದಿಯ ಗೇಟು ತಳ್ಳಿ, ಹಳಿ ದಾಟಿ, ಇನ್ನೊಂದು ಬದಿಯದನ್ನು ತಳ್ಳಿ ಸರಪಳಿ ಹಾಕಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದರು. ಗಾಡಿ ಹೋದ ಮೇಲೆ ಗೇಟು ತೆರೆದು ಬಂದು, ಅರ್ಧ ಬೆಂದ ರೊಟ್ಟಿಯನ್ನು ಮಗುಚಿ ಹಾಕುತ್ತಿದ್ದರು.

ನಾನು ಮೊದಲ ಸಲ ಇದನ್ನು ಕಂಡು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, "ನೋಡಿದ್ದು ನೋಡಿದಂಗ ಇರ್ಲಿ. ಮಳಖೇಡದಾಗ ಹೇಳಬ್ಯಾಡ. ನಿನ್ನ ಗಂಡಗೂ ಹೇಳಬ್ಯಾಡ. ಅವಗ ಗೊತ್ತದ, ಆದ್ರ ಬಾಯಿಲೆ ಕೇಳಿದ್ರ ಸಿಟ್ಟಿಗಿ ಬರ್ತಾನ."

"ಅತ್ತಿ, ನಿಮಗ ಅಂಜಿಕಿ ಬರಂಗಿಲ್ಲೇನ್ರಿ?"

"ಬರ್ತದ. ಅದಕ್ಕೇ ಮಧ್ಯಾಹ್ನ ನಾ ಮಲಗಂಗಿಲ್ಲ."

ಅವತ್ತಿನಿಂದ ನಾನೂ ಮಲಗಲಿಲ್ಲ. ಕಿವಿ ಸದಾ ಆ ಪೆಟ್ಟಿಗೆಯ ಮೇಲೆ. ಸ್ನಾನ ಮಾಡುವಾಗ ತಂಬಿಗೆ ಎತ್ತಿ ಹಾಗೇ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದೆ. ತವರಿಗೆ ಹೋದಾಗ ನದಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತ, ಯಾರದೋ ಸೈಕಲ್ ಗಂಟೆಗೆ ಎದ್ದು ಓಡಲು ಹೋಗಿದ್ದೆ. ನನ್ನವ್ವ ನಕ್ಕಳು. ಏನಾಯಿತೆಂದು ಕೇಳಿದಳು. ಕಾಲಿಗೆ ಇರುವೆ ಕಚ್ಚಿತೆಂದು ಹೇಳಿದೆ.

ಮಾವ ಕೆಟ್ಟ ಮನುಷ್ಯರಾಗಿರಲಿಲ್ಲ. ಇದನ್ನು ಹೇಳಲೇಬೇಕು. ಬೈಯುವುದು, ಹೊಡೆಯುವುದು ಅವರಲ್ಲಿ ಇರಲಿಲ್ಲ. ನನ್ನನ್ನು "ಯವ್ವಾ" ಎಂದೇ ಕರೆಯುತ್ತಿದ್ದರು. ಗಣಿಗೆ ಹೋಗುವ ಹೆಂಗಸರಿಗೆ ಗೇಟಿನ ಮುಂದೆ ನೆರಳಿನಲ್ಲಿ ಕುಂದ್ರಿ ಎಂದು ಹೇಳಿ ನೀರು ಕೊಡುತ್ತಿದ್ದರು. ಬೆಳಗಿನ ಒಂದೆರಡು ತಾಸು, ಕೈಯ ನಡುಕ ನಿಂತಿರುವಾಗ, ಬಾವುಟಗಳನ್ನು ತಾವೇ ಒಗೆದು ಒಣಗಿಸಿ ಮಡಚಿ ಇಡುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರನ್ನು ನೋಡಿದರೆ ಮಧ್ಯಾಹ್ನದ ಮನುಷ್ಯ ಇವರೇ ಎಂದು ನಂಬಲು ಆಗುತ್ತಿರಲಿಲ್ಲ.

ಒಂದು ಬ್ಯಾಸಿಗೆಯಲ್ಲಿ ಅತ್ತೆಗೆ ಜ್ವರ ಬಂತು. ಮೇಲೇಳಲು ಆಗದಷ್ಟು. ನಾನು ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಗೇಟನ್ನೂ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮನೆಯಲ್ಲಿ ನೀರು ಮುಗಿಯಿತು. ಮಾವ ಆಗತಾನೆ ಅಂಗಡಿಯಿಂದ ಬಂದು ಒರಗಿದ್ದರು. ಗಾಡಿಯ ಹೊತ್ತು ಇನ್ನೂ ಆಗಿಲ್ಲವೆಂದುಕೊಂಡು ಕೊಡ ಹಿಡಿದು ಬಾವಿಗೆ ಹೋದೆ. ಬಾವಿ ದೂರವೇನೂ ಇರಲಿಲ್ಲ. ಕೊಡ ತುಂಬಿ ತಿರುಗಿ ನೋಡುತ್ತೇನೆ, ಶಹಾಬಾದ ಕಡೆಯ ಆಕಾಶದಲ್ಲಿ ಕರಿ ಹೊಗೆ.

ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿದೆ. ಗೇಟು ಎರಡೂ ಬದಿ ತೆರೆದಿತ್ತು. ಗಣಿಯ ಕಡೆಯಿಂದ ಫರಸಿ ಕಲ್ಲು ಹೇರಿದ ಲಾರಿ ಏರು ಹತ್ತಿ ಬರುತ್ತಿತ್ತು. ಕಲ್ಲಿನ ಮೇಲೆ ಗಣಿಯ ಹೆಂಗಸರು ಬುಟ್ಟಿ ಹಿಡಿದು ಕುಳಿತಿದ್ದರು. ಲಾರಿಯ ಎಂಜಿನ್ನಿನ ಸದ್ದಿಗೆ ಅವರಿಗೆ ಗಾಡಿಯ ಕೂಗು ಕೇಳಿಸುತ್ತಿರಲಿಲ್ಲ. ಗೇಟು ತಳ್ಳುವಷ್ಟು ಹೊತ್ತು ಇರಲಿಲ್ಲ. ನಾನು ಹಳಿ ದಾಟಿ ಲಾರಿಯ ಎದುರಿಗೇ ಎರಡೂ ಕೈ ಚಾಚಿ ನಿಂತೆ. ಡ್ರೈವರ್ ಬ್ರೇಕ್ ಒತ್ತಿದ. ಕಲ್ಲಿನ ಚಪ್ಪಡಿಗಳು ಒಂದರ ಮೇಲೊಂದು ಜರುಗಿದ ಸದ್ದು ಕೇಳಿತು. ಲಾರಿಯ ಮೂತಿ ನನ್ನ ಎದೆಗೆ ಬಿಸಿ ತಾಗುವಷ್ಟು ಹತ್ತಿರಕ್ಕೆ ಬಂದು ನಿಂತಿತು. ನನ್ನ ಬೆನ್ನ ಹಿಂದೆ ಗಾಡಿ ಹೋಯಿತು. ಡಬ್ಬಿಗಳು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ಗಾಡಿ ಹೋದ ಮೇಲೆ ಡ್ರೈವರ್ ಇಳಿದು ಬಂದು ಬೈಯುತ್ತಾನೆಂದುಕೊಂಡೆ. ಅವನು ಗೇಟಿನ ಕಂಬಕ್ಕೆ ಆತು ನಿಂತು, "ಯವ್ವಾ, ಜರಾ ನೀರು ಕೊಡ್ರಿ" ಎಂದ. ಮೇಲೆ ಕುಳಿತಿದ್ದ ಹೆಂಗಸೊಬ್ಬಳು ತನ್ನ ಕೂಸನ್ನು ಅಪ್ಪಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮನೆಯಲ್ಲಿ ನೀರು ಇರಲಿಲ್ಲ. ಕೊಡ ಹುಡುಕಿಕೊಂಡು ಮತ್ತೆ ಬಾವಿಗೆ ಹೋದೆ.

ಕೋಣೆಯಲ್ಲಿ ಮಾವ ನಿದ್ದೆಯಲ್ಲಿದ್ದರು. ಗೇಟು ಬಂದ್ ಎಂದು ಹೇಳಿ ಇಟ್ಟ ಫೋನಿನ ರಿಸೀವರ್ ಅದರ ಕೊಕ್ಕೆಯಲ್ಲಿ ನೇತಾಡುತ್ತಿತ್ತು.

ಆ ವಾರದ ರಜೆಗೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು, "ಏನ್ ಮಾಡಮ ಹೇಳು? ಮ್ಯಾಲಿನವ್ರಿಗಿ ಹೇಳಿದ್ರ ಅಪ್ಪನ ನೌಕ್ರಿ ಹೋತದ. ಮನಿ ಬಿಡಿಸ್ತಾರ. ಇನ್ನೇನ್ ಕೆಲವು ವರ್ಷ, ರಿಟೈರ್ ಆಗ್ತಾರ" ಎಂದರು. ಅತ್ತೆ ಹಾಸಿಗೆಯಿಂದಲೇ, "ನಾಕು ಮಂದ್ಯಾಗ ಇಜ್ಜತ್ ಕಳೀಬ್ಯಾಡ್ರಿ. ನಾ ಎದ್ದ ಮ್ಯಾಲ ಮೊದಲಿನಂಗ ನಡೀತದ" ಎಂದರು. ಅವರಿಬ್ಬರೂ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಆದರೆ ನನಗೆ ಕಣ್ಣು ಮುಚ್ಚಿದರೆ ಲಾರಿಯ ಮೇಲಿನ ಆ ಕೂಸು ಕಾಣುತ್ತಿತ್ತು.

ಮಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿ ಸೊಸೆಯಂದಿರಿಗೆ ಇರಲಿಲ್ಲ. ಮರುದಿನ ಬೆಳಿಗ್ಗೆ, ಅವರ ಕೈ ನಿಂತಿದ್ದ ಹೊತ್ತಿನಲ್ಲಿ, ಬಾಗಿಲಿನ ಮರೆಯಿಂದ ಹೇಳಿದೆ.

"ಮಾಮಾ, ನೀವು ಇವತ್ತ ಮಧ್ಯಾಹ್ನ ಕುಡುದು ಕುಂತ್ರ, ಫೋನ್ ನಾ ಎತ್ತತೀನ್ರಿ. ಇದ್ದದ್ದು ಇದ್ದಂಗ ಹೇಳ್ತೀನಿ."

ಅವರು ಮಡಚುತ್ತಿದ್ದ ಬಾವುಟವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇವತ್ತ ಕುಡಿಯಂಗಿಲ್ಲ ಯವ್ವಾ" ಎಂದರು. ಆ ಮಾತು ಖರೆಯೇ ಇತ್ತು, ಹೇಳಿದ ಹೊತ್ತಿಗೆ. ಮಧ್ಯಾಹ್ನದ ಹೊತ್ತಿಗೆ ಅವರ ಹಣೆಯ ಮೇಲೆ ಬೆವರು ಒಡೆಯಿತು. ಎರಡು ಸಲ ಎದ್ದು ಕುಳಿತರು. ಮೂರನೆಯ ಸಲ ಎದ್ದು ಹಳಿ ದಾಟಿ ಹೋದರು.

ಫೋನಿನ ಗಂಟೆ ಬಾರಿಸಿದಾಗ ನಾನು ಅವರಿಗಿಂತ ಮೊದಲು ಕೈ ಹಾಕಿದೆ. ಅತ್ತಲಿನ ಮಾತು ಮುಗಿಯುವ ತನಕ ಕಾದೆ. ಕಡೆಗೆ ಹೇಳಿದೆ, "ಸಾಹೇಬ್ರ, ಗೇಟ್ ತೆರೆದದ. ನಮ್ಮ ಮಾಮಾರಿಗಿ ಆರಾಮಿಲ್ಲ, ಅವರಿಗಿ ಎಚ್ಚರಿಲ್ಲ. ಬ್ಯಾರೆ ಮಂದೀನ ಕಳಸ್ರಿ."

ಅತ್ತಲಿಂದ ಸ್ಟೇಷನ್ ಮಾಸ್ತರರು, "ಯಾರಮ್ಮಾ ಮಾತಾಡೋದು?" ಎಂದರು.

"ಅವರ ಸೊಸಿ ರಿ."

ಗಾಡಿ ಸಿಗ್ನಲ್ಲಿನ ಹತ್ತಿರ ನಿಂತು ಕೂಗಿತು. ಮತ್ತೆ ಮತ್ತೆ ಕೂಗಿತು. ಅಷ್ಟೊಂದು ಮಂದಿ ಕುಳಿತ ಗಾಡಿ ನನ್ನ ಒಂದು ಮಾತಿಗೆ ನಿಂತಿದೆ ಎಂಬುದು ಆಗ ತಿಳಿಯಿತು. ಅತ್ತೆ ಗೋಡೆ ಹಿಡಿದು ಎದ್ದು ಬಂದು, ಬಾಗಿಲಲ್ಲಿ ನಿಂತು, "ಏನ್ ಮಾಡಿದಿ, ಏನ್ ಮಾಡಿದಿ" ಎಂದು ಬಡಬಡಿಸಿದರು.

ಸ್ಟೇಷನ್ ಮಾಸ್ತರರು ತಳ್ಳುವ ಟ್ರಾಲಿಯ ಮೇಲೆ ಇನ್ನೊಬ್ಬ ಗೇಟಮನ್‌ನನ್ನು ಕರೆದುಕೊಂಡು ಬಂದರು. ಅವರು ತೆಲುಗು ಸೀಮೆಯವರು, ಕನ್ನಡವನ್ನು ಹುಡುಕಿ ಹುಡುಕಿ ಆಡುತ್ತಿದ್ದರು. ಮಾವನನ್ನು ನೋಡಿದರು, ನನ್ನನ್ನು ನೋಡಿದರು. ಹೊಸಬನಿಗೆ ಗೇಟು ಮುಚ್ಚಲು ಹೇಳಿ, ಗಾಡಿ ಹೋಗುವ ತನಕ ತಾವೂ ಬಿಸಿಲಲ್ಲೇ ನಿಂತರು. ಆಮೇಲೆ ನನಗೆ ಹೇಳಿದರು, "ಕಾಯಿಲೆ ಅಂತ ಬರೀತೀನಮ್ಮಾ. ಕಾಯಿಲೆಯೇ ಇದು. ಡಾಕ್ಟರು ಸರಿ ಅನ್ನೋ ತನಕ ಇವರು ಗೇಟಿನ ಹತ್ತಿರ ಬರಕೂಡದು."

ಮಾವ ಎಚ್ಚರಾಗಿ ಎಲ್ಲ ತಿಳಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಅವರ ಭುಜ ಅಲುಗುತ್ತಿತ್ತು.

ಗೇಟಿನ ಮನೆ ಬಿಟ್ಟು ನಾವು ಶಹಾಬಾದಿನ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಓಣಿಯವರು, ಸಂಬಂಧಿಕರು ಬಂದು ಬುದ್ಧಿ ಹೇಳಿದರು. ಒಳಗೆ ಹಾಕಿ ಕೀಲಿ ಹಾಕಿರಿ, ನಾಲ್ಕು ದಿನ ಒದ್ದಾಡಿ ತಾವೇ ಬಿಡುತ್ತಾರೆ ಎಂದರು. ನನ್ನ ಗಂಡನಿಗೂ ಅತ್ತೆಗೂ ಅದೇ ಸರಿ ಕಂಡಿತು. ಡಾಕ್ಟರರ ಹತ್ತಿರ ಮೊದಲು ಹೋಗೋಣ ಎಂದು ನಾನು ಹೇಳಿದೆ. ಆದರೆ ಗಾಡಿ ನಿಲ್ಲಿಸಿದ ಸೊಸೆಯ ಮಾತು ಆ ಮನೆಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಹಿಂದಿನ ಕೋಣೆಗೆ ಮಾವನನ್ನು ಸೇರಿಸಿ ಹೊರಗಿನಿಂದ ಚಿಲಕ ಹಾಕಿದರು.

ಮೊದಲ ದಿನ ಬಾಗಿಲು ಬಡಿದರು, ಬೇಡಿಕೊಂಡರು. ಮರುದಿನ ಬಡಿಯುವುದು ನಿಂತಿತು. ಅದು ಇನ್ನೂ ಹೆಚ್ಚು ಅಂಜಿಕೆ ಹುಟ್ಟಿಸಿತು. ಕಿಟಕಿಯಿಂದ ನೋಡಿದರೆ, ಗೋಡೆಯ ಮೇಲಿಂದ ಏನನ್ನೋ ಎರಡೂ ಕೈಯಿಂದ ಝಾಡಿಸುತ್ತಿದ್ದರು. ಇರುವೆ, ಇರುವೆ ಎನ್ನುತ್ತಿದ್ದರು. ಗೋಡೆ ಸ್ವಚ್ಛವಾಗಿತ್ತು. ಆಮೇಲೆ ಕಿವಿಗೊಟ್ಟು ಕುಳಿತು, "ಫೋನ್ ಬಾರಸ್ಲಿಕತ್ತದ, ಯಾರೂ ಎತ್ತವಲ್ರಿ! ಗೇಟ್ ಬಂದ್ ಆಯ್ತು ಸಾಹೇಬ್! ಬಂದ್ ಆಯ್ತು!" ಎಂದು ಕೂಗತೊಡಗಿದರು. ಆ ಓಣಿಯಲ್ಲಿ ಯಾವ ಮನೆಯಲ್ಲೂ ಫೋನ್ ಇರಲಿಲ್ಲ. ಅತ್ತೆ ಕಿವಿ ಮುಚ್ಚಿಕೊಂಡು ಒಲೆಯ ಮುಂದೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗೆ ಧೊಪ್ಪೆಂದು ಸದ್ದಾಯಿತು. ಚಿಲಕ ತೆಗೆದು ನೋಡಿದರೆ ಮಾವ ನೆಲದ ಮೇಲೆ ಬಿದ್ದು ಕೈಕಾಲು ಸೆಟೆದು ಅದುರುತ್ತಿದ್ದರು. ಬಾಯಲ್ಲಿ ನೊರೆ, ನಾಲಿಗೆ ಕಚ್ಚಿ ರಕ್ತ.

ಚಕ್ಕಡಿಯಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಒಯ್ದೆವು. ಅಲ್ಲಿಂದ ಗುಲಬರ್ಗಾಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅತ್ತೆ ನನ್ನ ಕಡೆ ನೋಡಲಿಲ್ಲ. ಒಮ್ಮೆ ಮಾತ್ರ, "ನೀ ಆ ಫೋನ್ ಎತ್ತದಿದ್ರ ನನ್ನ ಗಂಡ ಇವತ್ತ ಬೆಂಚಿನ ಮ್ಯಾಲ ಮಲಗಿರ್ತಿದ್ದ" ಎಂದರು. ಮಾವ ಸತ್ತರೆ ಅದು ನನ್ನಿಂದಲೇ ಎಂದು ನನಗೂ ಅನ್ನಿಸತೊಡಗಿತ್ತು. ಮಾವನ ಎದೆಯ ಮೇಲೆ ಕೈ ಇಟ್ಟು, ಉಸಿರು ಏರಿಳಿಯುವುದನ್ನು ಮುಟ್ಟಿ ಮುಟ್ಟಿ ನೋಡುತ್ತ ಕುಳಿತಿದ್ದೆ.

ಗುಲಬರ್ಗಾದ ಡಾಕ್ಟರರು ನನ್ನ ಗಂಡನನ್ನು ಬದಿಗೆ ಕರೆದು ಹೇಳಿದರು. "ಇಂಥವರಿಗಿ ಒಮ್ಮಿಂದೊಮ್ಮೆ ಬಿಡಿಸಬಾರದು. ಜೀವಕ್ಕ ಬರ್ತದ. ಮೈಗೆ ಅದು ಹತ್ತಿಬಿಟ್ಟದ. ಔಷಧ ಕೊಟ್ಟು ಮೆಲ್ಲಕ ಇಳಿಸಬೇಕು. ಹಟ ಅಂತ ತಿಳ್ಕೋಬ್ಯಾಡ್ರಿ, ಇದು ಜಡ್ಡು." ನನ್ನ ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡು ಬಂದು, ಅದೇ ಮಾತನ್ನು ಅತ್ತೆಗೆ ಎರಡು ಸಲ ಹೇಳಿದರು. ಅತ್ತೆ, "ಜಡ್ಡು ಅಂದ್ರ ವಾಸಿ ಆಗ್ತದೇನು?" ಎಂದು ಕೇಳಿದರು.

ಮಾವ ಉಳಿದರು. ಮೈ ಒಣಗಿ, ಕಣ್ಣು ಒಳಗೆ ಹೋಗಿ, ಆದರೆ ನಮ್ಮನ್ನು ಗುರುತಿಸುವಷ್ಟು ಆಗಿ ಮನೆಗೆ ಬಂದರು. ಗೇಟಿನ ಕೆಲಸ ಮತ್ತೆ ಸಿಗಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿ ಬಂದಾಗ ನೀರು ಕೊಡುವ ಹಗುರದ ಕೆಲಸ ಕೊಟ್ಟರು. ಬೆಳಗಿನ ಹೊತ್ತು ಅದು ಸಾಗುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಮಧ್ಯಾಹ್ನ. ಆ ಹೊತ್ತಿಗೆ ಅವರು ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗುತ್ತಿದ್ದರು. ನಾನು ಏನೋ ತರುವ ನೆಪ ಮಾಡಿ ಹಿಂದೆ ಹಿಂದೆ ಹೋಗುತ್ತಿದ್ದೆ. ಅವರು ಮನೆಗೆ ಬಂದರೆ ಊಟಕ್ಕೆ ಬಡಿಸುವಾಗ ಬಾಗಿ ಮೂಸಿ ನೋಡುತ್ತಿದ್ದೆ. ಬಾಯಿ ಮುಕ್ಕಳಿಸಿ ಬಂದರೆ ಯಾಕೆ ಮುಕ್ಕಳಿಸಿದರು ಎಂದು ಎದೆ ಝಲ್ಲೆನ್ನುತ್ತಿತ್ತು.

ನಮ್ಮ ಮನೆಯ ಎದುರಿಗೆ ಒಬ್ಬ ಮುದುಕ ದರ್ಜಿ ಇದ್ದರು. ಗಣಿಯ ಮಂದಿಗೆ ಅಂಗಿ, ಪೈಜಾಮಾ ಹೊಲಿಯುತ್ತಿದ್ದರು. ತಲೆಯ ಮೇಲೆ ಬಿಳಿ ಟೋಪಿ, ಕೊರಳಲ್ಲಿ ಅಳತೆಯ ಟೇಪು. ಅವರೂ ಪ್ರಾಯದಲ್ಲಿ ಇದೇ ಸಿಂದಿಯಲ್ಲಿ ಮುಳುಗಿ ಎದ್ದವರು. ಅದನ್ನು ಅವರು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾವ ಅವರ ಅಂಗಡಿಯ ಮುಂದೆ ಮೂರನೆಯ ಸಲ ಹಾಯುವಾಗ ಅವರು ಕರೆದರು.

"ಭಾಯಿ, ಇಲ್ಲಿ ಬರ್ರಿ. ಸೂಜ್ಯಾಗ ದಾರ ಹಾಕ್ಲಿಕ್ಕ ನನ್ನ ಕಣ್ಣಿಗಿ ಕಾಣವಲ್ದು."

"ನನ್ನ ಕೈ ನಡಗ್ತಾವ್ರಿ" ಎಂದರು ಮಾವ.

"ನನಗ ಕಣ್ಣಿಲ್ಲ, ನಿಮಗ ಕೈಯಿಲ್ಲ. ಇಬ್ಬರೂ ಕೂಡಿ ಹಾಕೋಣು, ಕುಂದ್ರಿ."

ಮಾವ ಕುಳಿತರು. ಆ ದಾರ ಸೂಜಿಗೆ ಹೋಗಲು ಎಷ್ಟೋ ಹೊತ್ತು ಹಿಡಿಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟರಲ್ಲಿ ಚಹ ಬಂತು. ಆಮೇಲೆ ಗುಂಡಿ ಹಚ್ಚುವ ಕೆಲಸ. ಗುಂಡಿಗಳು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಕುಳಿತಿದ್ದವು. ದರ್ಜಿ ಅವನ್ನು ಬಿಚ್ಚಿ ಮತ್ತೆ ಮಾವನ ಕೈಗೇ ಕೊಟ್ಟರು. ಹೀಗೆ ಮಾವನ ಮಧ್ಯಾಹ್ನಗಳು ಆ ಅಂಗಡಿಯಲ್ಲಿ ಕಳೆಯತೊಡಗಿದವು. ಅಲ್ಲಿ ಉಪದೇಶದ ಮಾತೇ ಇರಲಿಲ್ಲ. ಮಳೆ, ಗಣಿಯ ಮಂದಿ, ಯಾರ ಮನೆಯ ಲಗ್ನಕ್ಕೆ ಎಷ್ಟು ಬಟ್ಟೆ, ಇಂಥವೇ. ಒಮ್ಮೊಮ್ಮೆ ಮಾವ ಬೆವತು ಸುಮ್ಮನಾದಾಗ ದರ್ಜಿಯೂ ಮಷೀನ್ ನಿಲ್ಲಿಸಿ ಪಕ್ಕಕ್ಕೆ ಕುಳಿತುಕೊಳ್ಳುತ್ತಿದ್ದರು.

ನನ್ನ ಬೇಹುಗಾರಿಕೆ ದರ್ಜಿಯ ಕಣ್ಣಿಗೆ ಬಿದ್ದಿತ್ತು. ಒಂದು ದಿನ ಹೇಳಿದರು, "ಬೇಟಿ, ನೀ ದಿನಾ ಬಾಗಲ್ದಾಗ ನಿಂತು ನೋಡ್ತಿ. ಅವರಿಗಿ ಬೆನ್ನಿನ ಮ್ಯಾಲ ನಿನ್ನ ಕಣ್ಣು ಚುಚ್ಚತಾವ. ನಿನ್ನ ಫಿಕರ್ ನನಗ ತಿಳೀತದ. ಆದ್ರೂ ಒಂದೊಂದು ದಿನ ಒಳಗ ಹೋಗಿ ನಿನ್ನ ಕೆಲಸ ನೋಡ್ಕೊ." ಪ್ರಯತ್ನ ಮಾಡಿದೆ. ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕುಳಿತೆ. ಕಲ್ಲು ಯಾವುದು, ಕಾಳು ಯಾವುದು ಎಂದು ಗೊತ್ತಾಗದೆ ಎರಡನ್ನೂ ಆರಿಸಿ ಚೆಲ್ಲಿದ್ದೆ.

ಮಳೆಗಾಲ ಕಳೆದು ಚಳಿ ಬಂತು. ಮಾವ ಕುಡಿದಿರಲಿಲ್ಲ. ಅತ್ತೆಯ ಮುಖ ಸ್ವಲ್ಪ ಸಡಿಲಾಗಿತ್ತು. ನಾನು ಬಸುರಾಗಿದ್ದೆ. ಆಗ ಚಿಂಚೋಳಿಯಲ್ಲಿ ಅತ್ತೆಯ ಅಣ್ಣನ ಮಗಳ ಲಗ್ನ ಬಂತು. ಮಾವ ಹೋಗಲೇಬೇಕಾಗಿತ್ತು. ಬಸ್ಸಿನಲ್ಲಿ ಅವರನ್ನು ಕಳಿಸಿ ಬಂದು, ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಲಗ್ನ ಮುಗಿಸಿ ಅತ್ತೆ ಒಬ್ಬರೇ ಬಂದರು. ಬಾಗಿಲಲ್ಲೇ ಕುಸಿದು ಕುಳಿತು ಅಳತೊಡಗಿದರು. ಬೀಗರ ಮನೆಯ ಗಂಡಸರು ಒಂದೇ ಬಟ್ಟಲು ಎಂದು ಒತ್ತಾಯ ಮಾಡಿದರಂತೆ. ಆ ಒಂದರ ಮೇಲೆ ಎಷ್ಟೋ ಆಯಿತು. ಬೆಳಿಗ್ಗೆ ನೋಡಿದರೆ ಮನುಷ್ಯನೇ ಇಲ್ಲ.

ನನ್ನ ಗಂಡ ಚಿಂಚೋಳಿಗೆ ಹೋಗಿ, ಚಂದ್ರಂಪಳ್ಳಿಯ ಕಡೆಯವರೆಗೂ ಹುಡುಕಿ ಬರಿಗೈಲಿ ಬಂದರು. ಅಲ್ಲಿನ ಕೆರೆ, ಕಾಡು, ಎಲ್ಲ ನನ್ನ ಕಣ್ಣ ಮುಂದೆ ಬರುತ್ತಿತ್ತು. ಸುದ್ದಿ ತರುವವರ ಕಾಲಿನ ಸದ್ದಿಗೆ ಕಾಯುತ್ತ, ಸದ್ದು ಕೇಳಿದರೆ ಬೇಡಪ್ಪಾ ಎನ್ನುತ್ತ, ಆ ವಾರ ಹೇಗೆ ಕಳೆದೆವೋ.

ಒಂದು ಬೆಳಿಗ್ಗೆ ದರ್ಜಿ ನಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು, "ನನ್ನ ಅಂಗಡ್ಯಾಗ ಮಲಗ್ಯಾರ. ತಾವೇ ನಡಕೋತ ಬಂದಾರ. ಬೈಯಬ್ಯಾಡ್ರಿ."

ಮಾವ ಬಟ್ಟೆಯ ಗಂಟುಗಳ ನಡುವೆ ಮುದುಡಿ ಬಿದ್ದಿದ್ದರು. ಧೋತರ ಮಣ್ಣಾಗಿತ್ತು, ಮೀಸೆಯ ಮೇಲೆ ನೊಣ ಕೂತಿತ್ತು. ನಮ್ಮನ್ನು ನೋಡಿ ಮುಖ ಮುಚ್ಚಿಕೊಂಡರು. ಅತ್ತೆ ಹತ್ತಿರ ಹೋಗಿ ಕುಳಿತರು. ಮಾವ ಅಂದರು, "ನಂಗ ಒಬ್ಬವಂಗೇ ಬಿಡ್ಲಿಕ್ಕ ಆಗವಲ್ದು. ದವಾಖಾನಿಗಿ ಕರ್ಕೊಂಡು ಹೋಗ್ರಿ."

ಅಷ್ಟು ವರ್ಷದಲ್ಲಿ ತನಗೆ ಆಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾಳೆಯಿಂದ ಬಿಡುತ್ತೇನೆ ಎಂದು ಅವರು ಹೇಳಿದ್ದು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೆವು. ದರ್ಜಿ ಅಂಗಡಿಗೆ ಬಾಗಿಲು ಹಾಕಿ ತಾವೂ ಗುಲಬರ್ಗಾಕ್ಕೆ ಬಂದರು. ಅಲ್ಲಿಯ ವರಾಂಡದಲ್ಲಿ ಕುಳಿತಾಗ ಅತ್ತೆ ತಮ್ಮ ಬುತ್ತಿಯ ರೊಟ್ಟಿ ಮುರಿದು, ಶೇಂಗಾ ಚಟ್ನಿಯ ಹಿಂಡಿ ಹಚ್ಚಿ, ಮೊದಲು ನನ್ನ ಕೈಗೆ ಕೊಟ್ಟರು. "ಹೊಟ್ಯಾಗ ಕೂಸದ, ಉಣ್ಣು" ಎಂದರು. ಗಾಡಿ ನಿಲ್ಲಿಸಿದ ದಿನದಿಂದ ಅವರು ತಾವಾಗಿ ನನ್ನ ಕೈಗೆ ಏನೂ ಕೊಟ್ಟಿರಲಿಲ್ಲ.

ಆ ಸಲ ಹೆಚ್ಚು ದಿನ ಇಟ್ಟುಕೊಂಡರು. ಬಂದ ಮೇಲೆ ಮಾವ ಲಗ್ನ, ಮುಂಜಿವೆ ಎಂದರೆ ಹೋಗುವುದನ್ನೇ ಬಿಟ್ಟರು. ಬಂಧುಗಳು ಸಿಟ್ಟಾದರು. ಆಗಲಿ ಎಂದರು ಅತ್ತೆ.

ಮಗಳು ಹುಟ್ಟಿದಳು. ಅವಳಿಗೆ ಎರಡು ತುಂಬುವ ಹೊತ್ತಿಗೆ ನನಗೆ ಭಂಕೂರಿನ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತು. ಅತ್ತೆ ಬೇಳೆ ಗಿರಣಿಗೆ ಹೋಗುತ್ತಿದ್ದರು. ಮಾವ ರಿಟೈರ್ ಆಗಿದ್ದರು. ಕೂಸನ್ನು ಅವರ ಹತ್ತಿರ ಬಿಡದೆ ಬೇರೆ ದಾರಿ ಇರಲಿಲ್ಲ. ಬಿಟ್ಟು ಹೋದೆ. ಆದರೆ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ ಮಧ್ಯದಲ್ಲಿ ಮರೆತು ನಿಲ್ಲುತ್ತಿದ್ದೆ. ಅವರು ಕುಡಿದು ಎಷ್ಟೋ ಕಾಲ ಆಗಿತ್ತು. ನನ್ನ ಅಂಜಿಕೆ ಮಾತ್ರ ಬಿಟ್ಟಿರಲಿಲ್ಲ.

ಒಂದು ದಿನ ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಬೀಗ. ದರ್ಜಿಯ ಅಂಗಡಿಯೂ ಮುಚ್ಚಿತ್ತು, ಅವತ್ತು ಶುಕ್ರವಾರ, ಅವರು ಮಸೀದಿಗೆ ಹೋಗಿದ್ದರು. ಓಣಿಯವರನ್ನು ಕೇಳಿದೆ. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಿರಬಿರನೆ ಹೋದರು ಎಂದಳು ಒಬ್ಬಾಕೆ. ಎಲ್ಲಿಗೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಕಾಲುಗಳು ನೇರವಾಗಿ ಸಿಂದಿ ಅಂಗಡಿಯ ದಾರಿ ಹಿಡಿದವು. ಅಂಗಡಿಯೊಳಗೆ ಹೋಗಿ ಪ್ರತಿಯೊಬ್ಬನ ಮುಖ ನೋಡಿದೆ. ಗಂಡಸರು ನಕ್ಕರು. ಮಾರುವವನು, "ಅವರು ಇಲ್ಲಿಗಿ ಬರಂಗಿಲ್ಲ ಬಿಡ್ರಿ ಈಗ" ಎಂದ. ಅವನ ಮಾತನ್ನು ನಂಬದೆ ಹಿಂದಿನ ಅಂಗಳವನ್ನೂ ನೋಡಿದೆ. ಅಲ್ಲಿಂದ ಬಜಾರಿಗೆ, ಬಜಾರಿನಿಂದ ಬಸ್ ನಿಲ್ಲುವ ಜಾಗಕ್ಕೆ. ಕಡೆಗೆ ಪರಿಚಯದವರೊಬ್ಬರು ದವಾಖಾನೆಯಲ್ಲಿ ನೋಡಿದೆನೆಂದರು.

ಅವರು ಮಂದಿಯ ಸಾಲಿನಲ್ಲಿ ನಿಂತಿದ್ದರು. ಮಗಳು ಅವರ ಹೆಗಲ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಮೈ ಕೆಂಡವಾಗಿತ್ತು. "ಒಮ್ಮಿಂದೊಮ್ಮೆ ಜ್ವರ ಏರ್ತು ಯವ್ವಾ, ನಿನ್ನ ಹಾದಿ ಕಾಯೂದು ಬ್ಯಾಡ ಅಂತ ಬಂದೆ" ಎಂದರು. ನಾನು ಹತ್ತಿರ ಹೋದೆ. ಮಗಳನ್ನು ಮುಟ್ಟುವ ಮೊದಲು ನನ್ನ ಮುಖ ಅವರ ಬಾಯಿಯ ಕಡೆ ಬಾಗಿತು. ಅವರು ಅದನ್ನು ನೋಡಿದರು. ಸಾಲಿನಲ್ಲಿದ್ದ ಇಬ್ಬರು ಹೆಂಗಸರೂ ನೋಡಿದರು. ನಾನು ನೆಲಕ್ಕೆ ಇಳಿದುಹೋದೆ.

"ಮೂಸಿ ನೋಡವಾ" ಎಂದರು ಮಾವ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗ ಬ್ಯಾಸರಿಲ್ಲ. ನಾನೂ ಮುಂಜಾನೆದ್ದು ನನ್ನ ಕೈ ನೋಡ್ಕೋತೀನಿ, ನಡಗ್ತಾವೋ ಏನೋ ಅಂತ. ನಿನಗ ಎಷ್ಟು ಅಂಜಿಕಿ ಅದನೋ ನನಗೂ ಅಷ್ಟೇ ಅದ."

ಅವರಿಗೂ ಅಂಜಿಕೆ ಇದೆ ಎಂದು ನನಗೆ ಎಂದೂ ಹೊಳೆದಿರಲಿಲ್ಲ. ಅಲ್ಲಿಯವರೆಗೆ ನಾನು ಕಾಯುವವಳು, ಅವರು ಕಾಯಿಸಿಕೊಳ್ಳುವವರು ಎಂದಷ್ಟೇ ತಿಳಿದಿದ್ದೆ. ಮಗಳಿಗೆ ಅದು ಗೊಬ್ಬರದ, ಅಂದರೆ ದಡಾರದ ಜ್ವರ, ವಾರದಲ್ಲಿ ಮೈಯೆಲ್ಲ ಕೆಂಪು ಎದ್ದು ಇಳಿಯಿತು. ರಾತ್ರಿ ಹಗಲು ಅವಳಿಗೆ ಬೇವಿನ ಸೊಪ್ಪಿನಿಂದ ಗಾಳಿ ಹಾಕಿದವರು ಮಾವನೇ.

ನಮ್ಮ ಬಾಲವಾಡಿಗೆ ಮೊಮ್ಮಗನನ್ನು ಬಿಡಲು ಬರುತ್ತಿದ್ದ ಭಂಕೂರಿನ ಒಬ್ಬ ಹೆಣ್ಣುಮಗಳು ಒಂದು ದಿನ ನನ್ನ ಸೆರಗು ಹಿಡಿದು ನಿಂತಳು. ಅವಳ ಮಗ ಕಲ್ಲು ಒಡೆಯುವವನು, ಅದೇ ಪುಡಿಯ ಸಿಂದಿಗೆ ಬಿದ್ದಿದ್ದ. ನಾಳೆ ಅವನನ್ನು ಕಂಬಕ್ಕೆ ಕಟ್ಟಿ ಹಾಕಿ ಬಿಡಿಸುತ್ತೇವೆ ಎಂದು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದರು. ನಾನು ಅವಳನ್ನು ಮನೆಗೆ ಕರೆತಂದೆ. ಮಾವ ಪೂರಾ ಕೇಳುವ ಮೊದಲೇ ಚಪ್ಪಲಿ ಮೆಟ್ಟಿಕೊಂಡರು.

"ಕಟ್ಟಬ್ಯಾಡ್ರಿ ಅಂತ ಹೇಳ್ರಿ ಅವರಿಗಿ. ನಾ ಸತ್ತು ಬಂದೀನಿ ಅದರಾಗ. ಮೊದಲ ಡಾಕ್ಟರ. ನಡೀರಿ, ನಾನೂ ಬರ್ತೀನಿ."

ಅವರು ಆ ಹುಡುಗನ ಜೊತೆ ಗುಲಬರ್ಗಾಕ್ಕೆ ಹೋದರು. ಕುಡಿದವನ ಪಕ್ಕದಲ್ಲಿ, ಆ ವಾಸನೆಯಲ್ಲಿ, ಇಡೀ ದಿನ ಕುಳಿತು ಬರುವ ಮನುಷ್ಯ ಹೇಗೆ ಬರುತ್ತಾರೋ ಎಂದು ನಾನೂ ಅತ್ತೆಯೂ ಸಂಜೆಯವರೆಗೆ ಒಳಗೆ ಹೊರಗೆ ಓಡಾಡಿದೆವು. ದರ್ಜಿ ತಮ್ಮ ಮಷೀನಿನ ಮುಂದೆ ಕುಳಿತು, "ಬರ್ತಾರ, ಬರ್ತಾರ" ಎನ್ನುತ್ತಿದ್ದರು. ಆದರೆ ಅವರೂ ಪ್ರತಿ ಸಲ ಮಷೀನ್ ನಿಲ್ಲಿಸಿ ರಸ್ತೆಯ ಕಡೆ ನೋಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮಾವ ಬಂದರು. ದಣಿದಿದ್ದರು. "ಒಳಗ ಸೇರಿಸ್ಕೊಂಡ್ರು. ಓಡಿ ಹೋಗ್ತೀನಂತ ಎರಡು ಸಲ ಎದ್ದ. ಕೈ ಹಿಡಕೊಂಡು ಕುಂತೆ" ಎಂದು ಹೇಳಿ ರೊಟ್ಟಿ ಕೇಳಿದರು.

ಆ ಹುಡುಗ ಅದೇ ವಾರ ಅಲ್ಲಿಂದ ತಪ್ಪಿಸಿಕೊಂಡು ಬಂದ. ಮಾವ ಮತ್ತೆ ಕರೆದೊಯ್ದರು. ವರ್ಷದೊಳಗೆ ಇನ್ನೊಮ್ಮೆ ಜಾರಿದ, ಇನ್ನೊಮ್ಮೆ ಕರೆದೊಯ್ದರು. ಆಮೇಲೆ ಬೇರೆಯವರೂ ಬರತೊಡಗಿದರು, ಸೇಡಂ ಕಡೆಯಿಂದ, ಚಿತ್ತಾಪುರದಿಂದ. ಎಲ್ಲರೂ ಉಳಿಯಲಿಲ್ಲ. ಇಬ್ಬರು ಸತ್ತರು. ಅಂಥ ಸುದ್ದಿ ಬಂದ ದಿನ ಮಾವ ಊಟ ಬಿಟ್ಟು ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದರು. ಅಂಥ ದಿನಗಳಲ್ಲೇ ನಮಗೆ ಹೆಚ್ಚು ಅಂಜಿಕೆ.

ಮಾವ ತೀರಿಕೊಂಡದ್ದು ಎದೆಯ ಬೇನೆಯಿಂದ, ಮಗಳು ಹೈಸ್ಕೂಲಿಗೆ ಹೋಗುವಾಗ. ಕಡೆಯವರೆಗೆ ಕುಡಿಯಲಿಲ್ಲ. ಭಂಕೂರಿನ ಆ ಹುಡುಗ, ಅಷ್ಟೊತ್ತಿಗೆ ಇಬ್ಬರು ಮಕ್ಕಳ ತಂದೆ, ಗಣಿಯ ಕೆಲಸ ಬಿಟ್ಟು ಕಲ್ಲಿನ ಧೂಳು ಮೈಯಲ್ಲಿ ಇದ್ದ ಹಾಗೆಯೇ ಓಡಿಬಂದ. ನನ್ನ ಗಂಡನ ಪಕ್ಕದಲ್ಲಿ ಚಟ್ಟಕ್ಕೆ ಹೆಗಲು ಕೊಟ್ಟ. ಸ್ಮಶಾನದಿಂದ ಬಂದವನು ನಮ್ಮ ಅಂಗಳದಲ್ಲೇ ಕುಳಿತಿದ್ದ, ಹೊರಡಲೇ ಇಲ್ಲ. ಅವನ ತಾಯಿ ದೂರದಿಂದ ಅವನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ಅತ್ತೆ ಎದ್ದು ಹೋಗಿ ಅವನ ಮುಂದೆ ಚಹ ಇಟ್ಟು, "ಇವತ್ತ ಒಬ್ಬವನೇ ಎಲ್ಲಿಗೂ ಹೋಗಬ್ಯಾಡ ಮಗಾ, ಇಲ್ಲೇ ಇರು" ಎಂದರು. ಅವನು ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ಮಲಗಿ, ಬೆಳಿಗ್ಗೆ ತಾಯಿಯ ಜೊತೆ ಭಂಕೂರಿಗೆ ನಡೆದು ಹೋದ.